ನಾನೇ ತೊಳೆದ ಫ್ಲಾಸ್ಕು

ಬ್ಯಾಕ್ಟೀರಿಯಾಕ್ಕೆ ಕಷ್ಟ ಬಂದರೆ ಅದು ಏನು ಮಾಡುತ್ತದೆ ಎಂಬುದನ್ನು ಹದಿನಾಲ್ಕು ವರ್ಷಗಳಿಂದ ನೋಡುತ್ತಿದ್ದೇನೆ. ಬಿಸಿ ತಾಕಿದರೆ ಸಾಕು, ಬೆಳೆಯುವ ಕೆಲಸದ ಜೀನ್‌ಗಳನ್ನು ತಗ್ಗಿಸಿ ಪ್ರಾಣ ಉಳಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ನಮ್ಮ ಪ್ರಯೋಗಾಲಯದ ತಳಿಯಲ್ಲಿ ಅಂಥ ಒಂದು ಜೀನಿನ ಜೊತೆ ಹಸಿರು ದೀಪ ಕಟ್ಟಿದ್ದೇವೆ. ಕಷ್ಟ ಬಂತೆಂದರೆ ಅದು ಹಸಿರಾಗಿ ಹೊಳೆಯುತ್ತದೆ. ಮನುಷ್ಯರಿಗೂ ಅಂಥದ್ದೊಂದು ದೀಪ ಇದ್ದಿದ್ದರೆ ನನ್ನಂಥ ಪಂಡಿತನಿಗೆ ಅನುಕೂಲವಾಗುತ್ತಿತ್ತು.

ಪ್ರಯೋಗ ಸರಳ. ಐದು ಫ್ಲಾಸ್ಕುಗಳಿಗೆ ಬಿಸಿ ಕೊಡಬೇಕು, ಆರನೆಯದನ್ನು ಹಿತವಾದ ಶಾಖದಲ್ಲಿ ಸುಮ್ಮನೆ ಬಿಡಬೇಕು. ಐದು ಹೊಳೆಯಬೇಕು, ಆರನೆಯದು ಹೊಳೆಯಬಾರದು. ಅದೂ ಹೊಳೆದರೆ ಉಳಿದ ಐದರ ಸಾಕ್ಷಿಗೆ ಮೂರು ಕಾಸಿನ ಬೆಲೆಯಿಲ್ಲ. ಹಾಗಾಗಿ ಆರನೆಯದನ್ನು ಯಾರ ಕೈಗೂ ಕೊಡದೆ ನಾನೇ ತೊಳೆಯುತ್ತಿದ್ದೆ, ಸೋಪನ್ನು ಧಾರಾಳವಾಗಿ ಸುರಿದು, ತೋಳು ನೋಯುವಷ್ಟು ಉಜ್ಜಿ. ಉಳಿದವು ಅಕ್ಕನ ಪಾಲು. ಅಕ್ಕ ಎಂದರೆ ಗಾಜಿನ ಸಾಮಾನು ತೊಳೆಯಲು ಗುತ್ತಿಗೆಯ ಮೇಲೆ ಬರುವ ಹೆಂಗಸು. ನಿರ್ದೇಶಕರಿಂದ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕನೇ. ಸಿಂಕಿನ ಮುಂದೆ ನಿಂತರೆ ಅವರ ಬಾಯಲ್ಲಿ ಒಂದಲ್ಲ ಒಂದು ಹಾಡು ಗುನುಗುತ್ತಿರುತ್ತಿತ್ತು.

ಮನೆಯಲ್ಲಿ ಪಾತ್ರೆ ತೊಳೆಯುವ ಹಕ್ಕನ್ನು ನನ್ನ ಹೆಂಡತಿ ಎಂದೋ ಕಿತ್ತುಕೊಂಡಿದ್ದಾಳೆ. ನಾನು ತೊಳೆದ ಲೋಟದಲ್ಲಿ ಚಹಾ ಕುಡಿದರೆ ಸೋಪಿನ ರುಚಿ ಬರುತ್ತದೆಯಂತೆ. ವಿಜ್ಞಾನ ತಿಳಿಯದವರ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ.

ಪ್ರಯೋಗ ಶುರುವಾದ ದಿನದಿಂದಲೂ ಆರನೆಯ ಫ್ಲಾಸ್ಕು ಹೊಳೆಯಿತು. ಮೂರು ತಿಂಗಳು ಹೊಳೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನನ್ನ ಪಾಲಿಗೆ ಆ ನೆಲ ಅಕ್ಕ. ಬ್ಯಾಕ್ಟೀರಿಯಾಕ್ಕೆ ಆಹಾರ ಕಲಸುವ ಶುದ್ಧ ನೀರಿನ ಕ್ಯಾನು ತುಂಬುವವರು ಅವರೇ, ಅವರ ಸೋಪಿನ ಕೈ ಅದಕ್ಕೆ ತಾಗಿದೆ ಎಂದು ತೀರ್ಮಾನಿಸಿ ಕಚೇರಿಗೆ ಎರಡು ಪುಟದ ದೂರು ಬರೆದೆ. ಸೋಮವಾರ ಗುತ್ತಿಗೆ ನವೀಕರಣದ ಸಭೆ ಇತ್ತು. ಅಂಥ ಕಾಗದ ಕಡತದಲ್ಲಿದ್ದರೆ ಅಕ್ಕನ ಕೆಲಸ ಹೋದಂತೆಯೇ. ಅವರ ಮನೆ ನಡೆಯುವುದು ಆ ಸಂಬಳದಿಂದಲೇ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ, ವ್ಯಾಕರಣ ತಿದ್ದಿ ತಿದ್ದಿ ಬರೆದೆ.

ದೂರಿನ ವಿಷಯ ಅಕ್ಕನಿಗೆ ತಿಳಿದ ಮರುದಿನ ಹಾಡು ನಿಂತಿತು. ಕೊನೆಗೂ ಕೆಲಸದ ಮೇಲೆ ಗಮನ ಬಂತು ಎಂದುಕೊಂಡೆ.

ಸಭೆಗೆ ಮುಂಚಿನ ವಾರ ಒಡೆದ ಗಾಜು ತಾಗಿ ನನ್ನ ಬೆರಳು ಕೊಯ್ದುಹೋಯಿತು. ಆ ಗುರುವಾರ ಆರನೆಯ ಫ್ಲಾಸ್ಕು ಹೊಳೆಯಲಿಲ್ಲ. ನನ್ನ ದೂರಿನ ಪ್ರಭಾವ ಕಂಡು ನನಗೇ ಹೆಮ್ಮೆಯಾಯಿತು. ಸಿಂಕಿನ ಬಳಿ ಹೋಗಿ, ನಿಗಾ ಇಟ್ಟು ನೀರು ತುಂಬಿದರೆ ಎಷ್ಟು ಒಳ್ಳೆಯ ಫಲಿತಾಂಶ ಬರುತ್ತದೆ ನೋಡಿ ಎಂದು ಅಕ್ಕನಿಗೆ ಉಪದೇಶ ಮಾಡಿದೆ.

ಅಕ್ಕ ನಲ್ಲಿ ನಿಲ್ಲಿಸಿದರು. "ನೀರು ಹೋದ ವಾರದ್ದೇ ಸರ್, ಕ್ಯಾನು ಇನ್ನೂ ಖಾಲಿ ಆಗಿಲ್ಲ. ನಿಮ್ಮ ಬೆರಳಿಗೆ ಪೆಟ್ಟಾಗಿತ್ತಲ್ಲ, ಆ ಫ್ಲಾಸ್ಕನ್ನೂ ನಾನೇ ತೊಳೆದಿಟ್ಟೆ. ಬದಲಾಗಿದ್ದು ಅಷ್ಟೇ."

ಶುಕ್ರವಾರ ಕೈಗವಸು ಹಾಕಿಕೊಂಡು ಮೂರು ಫ್ಲಾಸ್ಕು ನಾನು ತೊಳೆದೆ, ಮೂರು ಅವರು ತೊಳೆದರು. ನೀರು ಒಂದೇ, ಶಾಖ ಒಂದೇ, ಯಾವುದಕ್ಕೂ ಬಿಸಿಯಿಲ್ಲ. ಶನಿವಾರ ಬೆಳಿಗ್ಗೆ ನನ್ನ ಮೂರೂ ಹಸಿರಾಗಿದ್ದವು, ಅವರ ಮೂರಕ್ಕೂ ಏನೂ ಆಗಿರಲಿಲ್ಲ. ನಾನು ಸರಿಯಾಗಿ ಜಾಲಿಸದೆ ಫ್ಲಾಸ್ಕಿನೊಳಗೆ ಉಳಿಸಿದ ಸೋಪು ಪಾಪದ ಜೀವಿಗಳ ಹೊರಪೊರೆ ಕೆಡಿಸುತ್ತಿತ್ತು. ಉಳಿದ ಐದಕ್ಕೆ ಹೇಗೂ ಬಿಸಿ ಕೊಡುತ್ತಿದ್ದರಿಂದ, ಅಕ್ಕ ಎಷ್ಟು ಚೆನ್ನಾಗಿ ತೊಳೆಯುತ್ತಾರೆ ಎಂಬುದು ಯಾರಿಗೂ ಕಂಡಿರಲಿಲ್ಲ.

ತಾಂತ್ರಿಕ ಕಾರಣಗಳಿಂದ ದೂರನ್ನು ಹಿಂಪಡೆಯುತ್ತೇನೆ ಎಂದು ಒಂದು ಸಾಲು ಗೀಚಿ ಜೇಬಿನಲ್ಲಿಟ್ಟುಕೊಂಡು ಸೋಮವಾರ ಸಭೆಗೆ ಹೋದೆ. ಬಾಗಿಲ ಹೊರಗೆ ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದರು. ಆ ಚೀಟಿ ತೆಗೆಯಲು ನಾಚಿಕೆಯಾಯಿತು.

"ಫ್ಲಾಸ್ಕು ತೊಳೆಯೋಕೆ ಬರದೇ ಇದ್ದವನು ನಾನು. ಅಕ್ಕನ ತಪ್ಪು ಏನೂ ಇಲ್ಲ," ಎಂದೆ.

ಆಡಳಿತಾಧಿಕಾರಿ ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದರು. ಬರೆದುಕೊಟ್ಟೆ. ಸಭೆ ಹೊಟ್ಟೆ ತುಂಬ ನಕ್ಕಿತು. ಅಕ್ಕನ ಗುತ್ತಿಗೆ ಇನ್ನೊಂದು ವರ್ಷಕ್ಕೆ ನವೀಕರಣವಾಯಿತು.

ಅನಂತರ ಅಕ್ಕನ ಕ್ಷಮೆ ಕೇಳಿ, ಸೋಪಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತೇ ಎಂದು ವಿಚಾರಿಸಿದೆ.

"ಗೊತ್ತಿತ್ತು ಸರ್. ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಕಾಗದ ಬಂತು. ಆಮೇಲೆ ಏನು ಹೇಳಿದ್ರೂ ಎದುರು ಮಾತಾಡಿದ ಹಾಗೆ ಆಗ್ತಿತ್ತು."

ಈಗ ಆರೂ ಫ್ಲಾಸ್ಕುಗಳನ್ನು ಅವರೇ ತೊಳೆಯುತ್ತಾರೆ. ಬಿಸಿ ತೆಗೆದ ಅರ್ಧ ಗಂಟೆಯಲ್ಲಿ ಬ್ಯಾಕ್ಟೀರಿಯಾ ತನ್ನ ಹಳೆಯ ಕೆಲಸಗಳಿಗೆ ಮರಳುತ್ತದೆ ಎಂದು ನನ್ನ ಪ್ರಬಂಧದಲ್ಲಿ ಅಂಕಿಅಂಶ ಸಮೇತ ಬರೆದಿದ್ದೇನೆ. ಸಭೆ ಮುಗಿದು ಏಳು ವಾರವಾಯಿತು. ಏನಾದರೂ ನೆಪ ಮಾಡಿಕೊಂಡು ದಿನಕ್ಕೆ ನಾಲ್ಕು ಸಲ ಸಿಂಕಿನ ಕಡೆ ಹೋಗಿ ಕಿವಿಗೊಟ್ಟು ನಿಲ್ಲುತ್ತೇನೆ. ಅಕ್ಕ ಇನ್ನೂ ಹಾಡಿಲ್ಲ.