ಊದಿಸಿದ ನೀರು

ಯಮುನಾ ಅಕ್ಕಿ ಡಬ್ಬಿಯ ಹಿಂದೆ ಕೈ ತೂರಿಸಿ ಬಾಟಲಿ ಹುಡುಕುತ್ತಿದ್ದಳು. ಹಿರಿಯೂರಿನ ಆ ಇಕ್ಕಟ್ಟು ಓಣಿಯ ತುಂಬ ಮಣ್ಣಿಗೆ ಬಂದವರು. ನಡುಮನೆಯಲ್ಲಿ ಅವಳ ಅತ್ತೆ ಜುಂಜಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬಾಟಲಿ ಸಿಕ್ಕಿತು. ತಳದಲ್ಲಿ ನಾಲ್ಕು ಬೆರಳು ನೀರಿತ್ತು.

"ಎಲ್ಲಿಗವ್ವ?" ಜುಂಜಮ್ಮನ ಅಣ್ಣ ಓಬಣ್ಣ ಅಡ್ಡ ನಿಂತ. "ಬಸುರಿ ಹೆಂಗ್ಸು ಹೆಣದ ಹತ್ರ ಬರಬಾರ್ದು. ಎರಡು ಸಲ ಅನುಭವಿಸಿದ್ದು ಸಾಲ್ದಾ?"

"ಅತ್ತೆ ಬಾಯಿಗೆ ಈ ನೀರು ನಾನೇ ಬಿಡ್ತೀನಿ ಅಂತ ಮಾತು ಕೊಟ್ಟೀನಿ ಮಾವ."

"ರಂಗೇಶ ಬಿಡ್ತಾನೆ. ಮಗ ಅಲ್ವಾ ಅವನು? ನೀನು ಒಳಗಿರು."

ಗಂಡ ರಂಗೇಶ್ ಗೋಡೆ ನೋಡಿದ. ಹಿರಿಯರ ಮುಂದೆ ಅವನ ಬಾಯಿಗೆ ಯಾವತ್ತೂ ಬೀಗವೇ. ಹೊರಗೆ ಚಪ್ಪರದ ಕಂಬದ ಬಳಿ ಮಸೀದಿಯ ಖಾದರ್ ಸಾಬರೂ ಪಕ್ಕದ ಮನೆಯ ಶಾಂತಿಯೂ ನಿಂತಿದ್ದರು. ಆ ನೀರಿನಲ್ಲಿ ಅವರಿಬ್ಬರ ಪಾಲೂ ಇತ್ತು. ಆದರೆ ಸಾವಿನ ಮನೆಯಲ್ಲಿ ನಡುವೆ ಬಾಯಿ ಹಾಕುವುದು ಹೇಗೆ?

*

ಎರಡನೇ ಸಲವೂ ಸೊಸೆಯ ಬಸಿರು ನಿಲ್ಲದೆ ಹೋದಾಗ ಜುಂಜಮ್ಮ ಬಾಟಲಿ ಹಿಡಿದು ಹೊರಟಿದ್ದಳು. ಸಂಜೆ ನಮಾಜು ಮುಗಿಯುವ ಹೊತ್ತಿಗೆ, ಕೂಸುಗಳನ್ನು ಎತ್ತಿಕೊಂಡ ಹೆಂಗಸರ ಜೊತೆ ಮಸೀದಿ ಬಾಗಿಲಲ್ಲಿ ನಿಲ್ಲುವಳು. ಖಾದರ್ ಸಾಬರು ಹೊರಬಂದು ದುವಾ ಓದಿ ನೀರಿಗೆ ಊದುವರು. ವಾಪಸು ಬರುತ್ತ ಶಾಂತಿಯ ಮನೆ. ಅವಳು ಬಾಟಲಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಯೇಸುವನ್ನು ಬೇಡುವಳು.

"ನಮ್ಮ ಮನೆದೇವ್ರು ಜುಂಜಪ್ಪ ಸಾಲ್ದೇನೇ?" ಎಂದು ಓಬಣ್ಣ ಕಿಚಾಯಿಸಿದರೆ, "ಅವನು ಮನೆಯೋನು, ಬೇಜಾರು ಮಾಡ್ಕಳ್ಳಲ್ಲ ಬಿಡಣ್ಣ" ಎನ್ನುವಳು.

ಯಮುನಾಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು, ಕುಡಿದೆ ಎನ್ನುತ್ತಿದ್ದಳು. ಒಂದು ಸಂಜೆ ಸಿಕ್ಕಿಬಿದ್ದಳು. ಬೈಗುಳಕ್ಕೆ ಕಾದು ನಿಂತರೆ, ಜುಂಜಮ್ಮ ಎಲೆಗಳನ್ನು ಸವರಿ, "ಇರ್ಲಿ ಬಿಡವ್ವ, ಇದಕ್ಕೂ ಬೇಕಲ್ಲ" ಎಂದಳು. ಮರುದಿನ ಎಂದಿನಂತೆ ಮಸೀದಿಗೆ ಹೊರಟಳು. ಹೋಗುವಾಗ ತಿರುಗಿ, "ಪೂರ್ತಿ ಮಾತ್ರ ಸುರೀಬ್ಯಾಡ. ತಳದಾಗೆ ಒಂಚೂರು ಇರಂಗೇ ಮೇಲೆ ನೀರು ತುಂಬ್ಕಂಡ್ರೆ ಬರಕತ್ತು, ಊದಿದ್ದರ ಪುಣ್ಯ, ಹಂಗೇ ಉಳೀತೈತಂತೆ. ಸಾಬ್ರು ಹೇಳವ್ರೆ" ಎಂದಳು.

ಹಾಸಿಗೆ ಹಿಡಿದ ಮೇಲೆ ನಲ್ಲಿ ನೀರನ್ನೇ ಹಾಗೆ ತುಂಬಿಸಿ ಇಟ್ಟುಕೊಂಡಿದ್ದಳು. ಕೊನೆಗೆ ಸೊಸೆಯ ಕೈ ಹಿಡಿದು ಕೇಳಿದ್ದು ಇದೊಂದೇ: "ಹೋಗೋವಾಗ ಅದನ್ನೇ ನಿನ್ನ ಕೈಯಾರೆ ನನ್ನ ಬಾಯಿಗೆ ಬಿಡವ್ವ."

*

"ಊದಿಸಿ ಎಷ್ಟು ದಿನ ಆತು? ಅದೀಗ ಬರೀ ಮಾರಿಕಣಿವೆ ಡ್ಯಾಮಿನ ನಲ್ಲಿ ನೀರು" ಎಂದ ಓಬಣ್ಣ. "ಅದಕ್ಕೋಸ್ಕರ ಹೊಟ್ಟೆಯಾಗಿರೋದನ್ನ ಕಳ್ಕಂತೀಯಾ?"

ಯಮುನಾ ಬಾಟಲಿಯನ್ನು ಎದೆಗೊತ್ತಿಕೊಂಡಳು. ಅವಳಿಗೂ ಹೆದರಿಕೆಯಿತ್ತು.

"ಹೋದ ಸಲ ಮಗು ಹೋದಾಗ ಮೈಲಿಗೆ ಅಂತ ನೀವೆಲ್ಲ ಹೊಸ್ತಿಲಾಚೆ ನಿಂತಿದ್ರಿ. ಅತ್ತೆ ಒಬ್ರೇ ಒಳಗೆ ಬಂದು ನನ್ನ ತಬ್ಕಂಡು ಮಲಗಿದ್ರು. ಅವತ್ತು ಅವ್ರು ನನ್ನ ಮುಟ್ಟಿದ್ರು. ಇವತ್ತು ನಾನು ಅವ್ರನ್ನ ಮುಟ್ಟಬಾರ್ದಾ ಮಾವ?"

ಓಬಣ್ಣ ಚಾಪೆಯ ಕಡೆ ತಿರುಗಿದ. ತಂಗಿಯ ಮುಖ ನೋಡಿದ. ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದ. ಆಮೇಲೆ ಹೊರಗಿನವರಿಗೆ, "ನೀವ್ಯಾಕೆ ಅಲ್ಲೇ ನಿಂತ್ರಿ? ಬರ್ರಿ ಸಾಬ್ರೇ. ಬಾರವ್ವ ಶಾಂತಿ" ಎಂದ.

ಖಾದರ್ ಸಾಬರು ಮೆಲ್ಲಗೆ ಕೇಳಿದರು, "ಇನ್ನೊಂದು ಸಲ ಊದಿ ಕೊಡ್ಲೇನಮ್ಮ?"

"ಬ್ಯಾಡ್ರಿ. ಇದ್ರಾಗೇ ಐತೆ."

ಯಮುನಾ ವೀಳ್ಯದೆಲೆಯ ತುದಿಯಿಂದ ಹನಿಹನಿಯಾಗಿ ನೀರು ಬಿಟ್ಟಳು. ತುಟಿಯಂಚಿನಿಂದ ಇಳಿದದ್ದನ್ನು ಸೆರಗಿನಲ್ಲಿ ಒರೆಸಿದಳು. ಶಾಂತಿ ಬಿಕ್ಕಿದಳು. ರಂಗೇಶ್ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತ.

ತಮಟೆಯ ಸದ್ದು ಓಣಿ ದಾಟಿ ದೂರವಾಯಿತು. ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು ಯಮುನಾ ಬಾಟಲಿಯೊಂದಿಗೆ ಹಿತ್ತಲಿಗೆ ಬಂದಳು. ತಳದಲ್ಲಿ ಒಂಚೂರು ಉಳಿದಿತ್ತು. ನಲ್ಲಿ ತಿರುಗಿಸಿ ಕಂಠದವರೆಗೂ ತುಂಬಿದಳು.

ಅಭ್ಯಾಸಬಲದಿಂದ ಕೈ ಕರಿಬೇವಿನ ಬುಡದ ಕಡೆಗೇ ವಾಲಿತು. ಗಿಡಕ್ಕೆ ಒಂದಿಷ್ಟು ಹಾಕಿದಳು. ಆಮೇಲೆ ಬಾಟಲಿ ಎತ್ತಿ, ಒದ್ದೆ ಕೂದಲು ಬೆನ್ನಿಗಂಟಿಕೊಂಡಿದ್ದಂತೆಯೇ, ಗಟಗಟನೆ ಕುಡಿದಳು. ತಳದಲ್ಲಿ ಒಂಚೂರು ಇರುವಾಗ ನಿಲ್ಲಿಸಿ, ಮತ್ತೆ ನಲ್ಲಿಗೆ ಹಿಡಿದಳು.