ಮುಟ್ಟಿ ನೋಡದ ಗಂಟು

ಹೋಟೆಲುಗಳ ಚಾದರ ಬಂದು ಬೀಳುವ ಆ ಲಾಂಡ್ರಿಯಲ್ಲಿ ಹೆಂಗಸರಿಗೆ ಮೈನೋವು ಹೊಸದಲ್ಲ. ಬಿಸಿ ಪ್ರೆಸ್ಸಿನ ಮುಚ್ಚಳವನ್ನು ಎದೆಯ ಭಾರ ಹಾಕಿ ಒತ್ತಬೇಕು. ಹಾಗಾಗಿ ಭುಜವಿರಲಿ, ಕಂಕುಳಿರಲಿ, ಎದೆಯಿರಲಿ, ಎಲ್ಲಿ ಗಂಟು ಕಂಡರೂ ಅವರು ಅದನ್ನು ಇಸ್ತ್ರಿ ಗಂಟು ಅಂದುಬಿಡುತ್ತಿದ್ದರು. ಬಿಸಿ ಬಟ್ಟೆ ಒತ್ತಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದರು.

ಗಡಿಬಿಡಿ ಅಕ್ಕನೂ ಅಷ್ಟೇ ಮಾಡಿದಳು. ನಿಂತಲ್ಲಿ ನಿಲ್ಲದವಳು, ಅದಕ್ಕೇ ಆ ಅಡ್ಡಹೆಸರು. ಎಡಗಡೆ ಮೊಲೆಯಲ್ಲಿ ಗೋಲಿಯಷ್ಟು ಗಟ್ಟಿ ಗಂಟು. ನೋವಿಲ್ಲ. ಬಿಸಿ ಬಟ್ಟೆಗೆ ಕರಗಲೂ ಇಲ್ಲ. ಮನಸ್ಸು ತಡೆಯದೆ ಆಸ್ಪತ್ರೆಗೆ ಓಡಿದಳು. ಡಾಕ್ಟರು ಅವಳ ಮಾಸಿದ ಕೆಲಸದ ಅಂಗಿ ನೋಡಿದರು, ಗಂಟು ನೋಡಲಿಲ್ಲ.

"ನಿಮ್ಮ ಜನದ್ದು ಗಟ್ಟಿ ಮೈ ಕಣಮ್ಮ. ದುಡಿಯೋರಿಗೆ ಇದೆಲ್ಲ ಇದ್ದದ್ದೇ," ಎಂದು ನೋವಿನ ಮಾತ್ರೆ ಬರೆದರು.

ನೋವೇ ಇಲ್ಲದ ಗಂಟಿಗೆ ನೋವಿನ ಮಾತ್ರೆ! ಇದಕ್ಕೇನನ್ನೋಣ ಹೇಳಿ!

ಮುಂದಿನ ವಾರ ಲಾಂಡ್ರಿ ಮಾಲೀಕರ ಹೆಂಡತಿ ಬಂದರು. ಪ್ರೆಸ್ಸಿನ ಪಕ್ಕ ನಿಂತು, "ನಂಗೂ ಎದೇಲಿ ಗಂಟಾಗಿತ್ತು ಕಣ್ರೇ. ಡಾಕ್ಟ್ರು ಅವತ್ತೇ ಸ್ಕ್ಯಾನಿಂಗ್ ಮಾಡಿಸಿದ್ರು. ಸದ್ಯ, ಏನಿಲ್ವಂತೆ," ಎಂದರು.

ಯಾವ ಡಾಕ್ಟರು ಎಂದು ಕೇಳಿದರೆ, ಅದೇ ಆಸ್ಪತ್ರೆಯ ಅದೇ ಡಾಕ್ಟರು! ಆಮೇಲೆ ಗಡಿಬಿಡಿ ಅಕ್ಕನಿಗೆ ಚಾದರದ ಅಂಚು ಕೂಡಿಸಲೂ ಕೈ ಓಡಲಿಲ್ಲ.

ಮನೆಗೆ ಬಂದು ಹೇಳಿದರೆ ಗಂಡ ಸಿಡುಕಿದ. "ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ನಿಂದೇನೇ ಕಿರಿಕಿರಿ? ದೊಡ್ಡೋರ ಜೊತೆ ನಮಗೆ ಎಲ್ಲಿಯ ಹೋಲಿಕೆ?"

ಪಕ್ಕದ ಮನೆಯ ಆರೋಗ್ಯ ಕಾರ್ಯಕರ್ತೆಗೆ ಈ ಮಾತು ಕೇಳಿಸಿತು. ಬೀದಿಯವರೆಲ್ಲ ಅವಳನ್ನು ಸಿಸ್ಟರಮ್ಮ ಅನ್ನುತ್ತಿದ್ದರು. ಅವಳು ನೇರ ಒಳಗೇ ಬಂದಳು.

"ಅಣ್ಣಾ, ಡಾಕ್ಟ್ರು ಮುಟ್ಟಿ ನೋಡಿದ್ರಾ?"

"ಇಲ್ವಂತೆ."

"ಮತ್ತೆ ಮುಟ್ಟದೆ, ಸ್ಕ್ಯಾನ್ ಮಾಡಿಸದೆ ಏನಿಲ್ಲ ಅನ್ನೋಕೆ ಅವ್ರೇನು ಕಣಿ ಹೇಳ್ತಾರಾ? ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದ್ರೆ ಪರೀಕ್ಷೆ ಆಗದೆ ಯಾರಿಗೂ ಗೊತ್ತಾಗಲ್ಲ. ನೋವಿಲ್ಲ ಅಂತ ಸುಮ್ನಿರೋದೇ ದೊಡ್ಡ ತಪ್ಪು. ಬೇಗ ಗೊತ್ತಾದ್ರೆ ವಾಸಿ ಆಗೋ ಅವಕಾಶ ಜಾಸ್ತಿ."

"ನಮ್ಮಂಥೋರು ಡಾಕ್ಟ್ರಿಗೆ ಎದುರು ಮಾತಾಡೋದುಂಟಾ, ಸಿಸ್ಟರಮ್ಮ?" ಎಂದ ಗಂಡ.

"ಕೇಳೋದು ಎದುರು ಮಾತಲ್ಲ. ಪರೀಕ್ಷೆ ಬೇಡ ಅಂದ್ರೆ ಯಾಕೆ ಬೇಡ ಅಂತ ಚೀಟೀಲಿ ಬರ್ಕೊಡಿ ಅನ್ನಿ. ಅದೂ ಆಗಲ್ಲ ಅಂದ್ರೆ ಬೇರೆ ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ."

ಮರುದಿನ ಮೂವರೂ ಅದೇ ಆಸ್ಪತ್ರೆಗೆ ಹೊರಟರು, ಗಂಡ ಮುಖ ಊದಿಸಿಕೊಂಡೇ. ಆಸ್ಪತ್ರೆಯ ಬೆಂಚಿನ ಮೇಲೆ ಗಡಿಬಿಡಿ ಅಕ್ಕ ಕೂತಳು, ಎದ್ದಳು, ಮತ್ತೆ ಕೂತಳು. ಸಿಸ್ಟರಮ್ಮ ಬೆಂಚಿನಲ್ಲೇ ಉಳಿದಳು; ಗಂಡ ಹೆಂಡತಿ ಒಳಗೆ ಹೋದರೆ ಡಾಕ್ಟರು ತಲೆ ಎತ್ತದೆ, "ಮಾತ್ರೆ ಮುಗೀತಾ?" ಎಂದರು. ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದೂ ಹೊರಗೆ ಬರಲಿಲ್ಲ.

ಮಾತಾಡಿದ್ದು ಗಂಡ.

"ನಿಮ್ಮ ಜನ ಅಂತ ಹೇಳಿ ಕಳಿಸ್ಬೇಡಿ ಸಾರ್. ಇವಳು ನನ್ನ ಹೆಂಡ್ತಿ. ಇವಳನ್ನ ನೋಡಿ. ಬೇಡ ಅಂದ್ರೆ ಯಾಕೆ ಅಂತ ಬರ್ಕೊಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನರ್ಸನ್ನು ಕರೆದು, ಪರದೆ ಎಳೆಸಿ, ಪರೀಕ್ಷೆ ಮಾಡಿದರು. ಅವರ ಮುಖ ಬದಲಾಯಿತು. ಅವತ್ತೇ ಸ್ಕ್ಯಾನಿಂಗ್, ಮರುದಿನ ಸೂಜಿ ಹಾಕಿ ಗಂಟಿನ ತುಣುಕು ತೆಗೆದು ಪರೀಕ್ಷೆ.

ಕೆಲವು ದಿನಕ್ಕೆ ಫಲಿತಾಂಶ ಬಂತು. ಅದು ಕ್ಯಾನ್ಸರೇ. ಆದರೆ ಇನ್ನೂ ಶುರುವಿನ ಹಂತ, ಚಿಕಿತ್ಸೆ ಇದೆ. "ಮೊದಲ ಸಲವೇ ನೋಡಬೇಕಿತ್ತು," ಎಂದರು ಡಾಕ್ಟರು. ಗಡಿಬಿಡಿ ಅಕ್ಕ ಗಂಡನ ಕೈ ಹಿಡಿದು ಗಳಗಳನೆ ಅತ್ತಳು. ಈಗ ಚಿಕಿತ್ಸೆ ನಡೆದಿದೆ. ಕೂದಲು ಉದುರಿದೆ, ಸುಸ್ತಿದೆ, ಸಿಟ್ಟು ಇನ್ನೂ ಆರಿಲ್ಲ.

ಅಕ್ಕಂದಿರೇ, ತಂಗಿಯರೇ, ಎದೆಯಲ್ಲೋ ಕಂಕುಳಲ್ಲೋ ಗಂಟು ಸಿಕ್ಕರೆ, ಚರ್ಮ ಸುಕ್ಕುಗಟ್ಟಿದರೆ, ತೊಟ್ಟಿನಿಂದ ರಕ್ತ ಬಂದರೆ, ಕೆಲಸದ ಮೇಲೆ ಹಾಕಿ ಸುಮ್ಮನಾಗಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಅಣ್ಣಂದಿರೇ, ನೀವು ಜೊತೆಗೆ ಹೋಗಿ. ಬಾಯಿ ಬಿಟ್ಟು ಕೇಳಿ. ನಿಮ್ಮ ಬಟ್ಟೆ, ಬಣ್ಣ, ಮಾತು ನೋಡಿ ಯಾರಾದರೂ ಪರೀಕ್ಷೆ ಮಾಡದೆ ಕಳಿಸಲು ನೋಡಿದರೆ, ಕುರ್ಚಿ ಬಿಟ್ಟು ಏಳಬೇಡಿ.