ಯಜಮಾನರ ಹೆಸರು

ಎರಡು ಮೊಣಕೈಗಳ ನಡುವೆ ಸಿಕ್ಕಿಕೊಂಡಿದ್ದ ಮಾಯಾ, ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ಪರ್ಸಿನಿಂದ ನೋಟೊಂದನ್ನು ಎಳೆದು ತಲೆಗಳ ಮೇಲಿಂದ ಮುಂದಕ್ಕೆ ಚಾಚಿದಳು. ಅದು ಕೈಯಿಂದ ಕೈಗೆ ದಾಟಿ ಕಂಡಕ್ಟರ್ ಶಶಿಕುಮಾರನನ್ನು ಮುಟ್ಟುವಷ್ಟರಲ್ಲಿ ಹೆಂಗಸರ ಸೀಟುಗಳಲ್ಲಿ ನಗು ಎದ್ದಿತ್ತು. ಸರ್ಕಾರ ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿದ ಮೇಲೆ ಆ ಬಸ್ಸಿನಲ್ಲಿ ದುಡ್ಡು ಕೊಡುವ ಹೆಂಗಸು ಅವಳೊಬ್ಬಳೇ.

"ಬಸ್ಸಿನ ಓನರಮ್ಮ ಬಂದ್ರು, ಜಾಗ ಬುಡಿ," ಎಂದಳು ಶಿವರಂಜಿನಿ. ಬದನಗುಪ್ಪೆಯ ಹೊಲಿಗೆ ಫ್ಯಾಕ್ಟರಿಯಲ್ಲಿ ಮಾಯಾಳ ಪಕ್ಕದ ಮಿಷನ್ನು ಅವಳದು. "ಸುಮ್ನ ಹರವೆಯವಳು ಅನ್ನು ಕಣಮ್ಮಿ. ನಮಗಿಂತ ಚೆಂದಾಗಿ ಮಾತಾಡ್ತೀಯ."

ಆ ಮಾತೇನೋ ನಿಜ. ನೇಪಾಳದ ಗುಡ್ಡದ ಹಳ್ಳಿಯಿಂದ ಗಂಡನ ಹಿಂದೆ ಬಂದ ಮಾಯಾ ಕನ್ನಡ ಕಲಿತದ್ದು ಹರವೆಯಲ್ಲಿ, ಬಾಡಿಗೆ ಮನೆಯ ಒಡತಿ ದೊಡ್ಡಮಲ್ಲಮ್ಮನ ಬಾಯಿಂದ. ಹಾಗಾಗಿ ಇನ್ನೂ ಮೂವತ್ತು ಮುಟ್ಟದವಳು ಎಪ್ಪತ್ತರ ಮುದುಕಿಯ ಹಾಗೆ ಗಾದೆ ಹಚ್ಚಿ ಮಾತಾಡುತ್ತಿದ್ದಳು. ಆದರೆ ಬಿಟ್ಟಿ ಟಿಕೆಟಿಗೆ ಮಾತು ಸಾಲದು, ಕರ್ನಾಟಕದ ವಿಳಾಸವಿರುವ ಕಾರ್ಡು ಬೇಕು. ಅವಳ ಹತ್ತಿರ ಇದ್ದದ್ದು ನೇಪಾಳದ ನಾಗರಿಕತೆಯ ಕಾಗದ ಒಂದೇ.

ಆ ಕಾಗದಕ್ಕೆ ಇಲ್ಲಿ ಏನೂ ಹುಟ್ಟುತ್ತಿರಲಿಲ್ಲ. ಎಲ್ಲರ ಮನೆಗೂ ಸೊಸೈಟಿಯಿಂದ ಬರುವ ಅಕ್ಕಿಯನ್ನು ಅವಳು ಅಂಗಡಿಯಿಂದ ತರಬೇಕು. ಗ್ಯಾಸಿಗೆ ಬ್ಲ್ಯಾಕಿನಲ್ಲಿ ಕೊಡಬೇಕು. ಜ್ವರ ಬಂದರೆ ಕಾರ್ಡು ಕೇಳದ ಪ್ರೈವೇಟ್ ಡಾಕ್ಟರೇ ಗತಿ. ಗಂಡ ಗುಂಡ್ಲುಪೇಟೆಯ ಊಟಿ ರಸ್ತೆಯ ಹೋಟೆಲೊಂದರಲ್ಲಿ ಅಡುಗೆಯವನು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಇಬ್ಬರೂ ದುಡಿದದ್ದು ತಿಂಗಳ ಕೊನೆಗೆ ಒರಸಿ ಇಟ್ಟ ಹಾಗೆ ಖಾಲಿ. ಊರಿನಲ್ಲಿ ತನ್ನಪ್ಪನ ಬಳಿ ಬಿಟ್ಟು ಬಂದಿದ್ದ ಮಗಳು ಸುನಿತಾ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ನನ್ನನ್ನು ಯಾವಾಗ ಕರೆಸಿಕೊಳ್ಳುತ್ತೀಯ? ಬರುವ ವರ್ಷ ಎಂದು ಮಾಯಾ ಹೇಳಿ ಹೇಳಿ, ಈಗ ಹಾಗೆನ್ನುವ ಮೊದಲೇ ಮಗಳೇ ಅದನ್ನು ಹೇಳಿ ಮುಗಿಸುತ್ತಿದ್ದಳು.

ಇಷ್ಟಾದರೂ ಟಿಕೆಟ್ ಕೊಳ್ಳುವಾಗ ಅವಳು ತಲೆ ತಗ್ಗಿಸುತ್ತಿರಲಿಲ್ಲ. ದುಡ್ಡು ಕೊಟ್ಟು ಕೂತವಳು ಎಂಬ ಗತ್ತಿನಲ್ಲೇ ಕಿಟಕಿಯ ಪಕ್ಕದ ಸೀಟು ಕೇಳಿ ಪಡೆಯುತ್ತಿದ್ದಳು.

ಅಂದು ಸಂಜೆ ಅವಳು ಫ್ಯಾಕ್ಟರಿಯಿಂದ ಮರಳಿದಾಗ ದೊಡ್ಡಮಲ್ಲಮ್ಮನ ಗಂಡ ದೊಡ್ಡಮಲ್ಲಪ್ಪನವರ ಜಗಲಿಯಲ್ಲಿ ಚಾಪೆ ಹಾಸಿತ್ತು. ಅವರ ತಂಗಿಯ ಮಗ ರಾಜಶೇಖರ್ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಚಾಮರಾಜನಗರದಲ್ಲಿ ಕಾರ್ಡು ಮಾಡಿಸಿಕೊಡುವ ಕಂಪ್ಯೂಟರ್ ಅಂಗಡಿ ಇಟ್ಟವನು ಅವನು. ವಿಷಯ ಮಾಯಾಳಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಅವಳನ್ನು ಈ ಮನೆಯ ಮಗಳೆಂದು ಬರೆಸಿಬಿಡುವುದು. ಮೊದಲು ಅವಳ ಕಾರ್ಡು, ಆಮೇಲೆ ಸುನಿತಾಳದು. ಅಕ್ಕಿ, ಗ್ಯಾಸು, ಬಸ್ಸು, ಸ್ಕೂಲು, ಎಲ್ಲ ಒಂದೇ ಏಟಿಗೆ.

ದೊಡ್ಡಮಲ್ಲಪ್ಪನವರಿಗೆ ಅದು ಸಣ್ಣ ಮಾತಲ್ಲ. ಅರಿಶಿನದ ಹೊಲ, ಟ್ರ್ಯಾಕ್ಟರು, ಊರೊಳಗೆ ಮಾತಿಗೆ ತೂಕ ಇರುವ ಮನುಷ್ಯ. ಕುಲ ಕೇಳದೆ ಮಜ್ಜಿಗೆ ಕೊಟ್ಟವರಲ್ಲ. ಹೋದ ಮಳೆಗಾಲ ಹೆಂಡತಿ ಸೊಂಟ ಮುರಿದುಕೊಂಡು ಮಲಗಿದಾಗ, ನಡುಮನೆಗೇ ಬರಕೂಡದೆಂದು ತಾವೇ ತಡೆದಿದ್ದ ಬಾಡಿಗೆಯವಳು ಬಚ್ಚಲಿಗೆ ಎತ್ತಿಕೊಂಡು ಹೋಗಿ ಮೀಸಿದ್ದನ್ನು ಅವರು ಸುಮ್ಮನೆ ನೋಡಿದ್ದರು. ಹೆಣ್ಣು ಮಕ್ಕಳಿಲ್ಲದ ಮನೆ. ಹತ್ತು ಜನ ಆಡಿಕೊಂಡರೂ ಸರಿ, ಹೆಸರು ಕೊಡುತ್ತೇನೆ ಎಂದು ತಾವಾಗಿಯೇ ಹೇಳಿದ್ದರು.

ರಾಜಶೇಖರ್ ಬೆರಳಚ್ಚು ತೆಗೆದುಕೊಳ್ಳುವ ಪುಟ್ಟ ಯಂತ್ರವನ್ನು ಚಾಪೆಯ ಮೇಲಿಟ್ಟ. ವಿಚಾರಣೆಗೆ ಯಾರಾದರೂ ಬಂದರೆ ತಡವರಿಸಬಾರದು, ಒಂದು ಸಲ ಬಾಯಿಪಾಠ ಆಗಲಿ ಎಂದು ಪ್ರಶ್ನೆ ಶುರುಮಾಡಿದ. ಹುಟ್ಟಿದ ಊರು ಯಾವುದೆಂದ. ಹರವೆ ಎಂದಳು ಮಾಯಾ. ಸಲೀಸಾಗಿಯೇ ಬಂತು. ತಾಯಿ ಯಾರೆಂದ. ದೊಡ್ಡಮಲ್ಲಮ್ಮ ಎಂದಳು. ಅದು ಇನ್ನೂ ಸಲೀಸು. ಹೆತ್ತವಳ ಮುಖ ಅವಳಿಗೆ ನೆನಪಿರಲಿಲ್ಲ, ತಲೆಗೆ ಎಣ್ಣೆ ತಟ್ಟಿದ, ಈಗ ತನ್ನ ಮಡಿಲಲ್ಲಿದ್ದ ಈ ಕೈ ಗೊತ್ತಿತ್ತು. ಮುದುಕಿ ಕಣ್ಣೊರೆಸಿಕೊಂಡಳು.

"ಅಪ್ಪನ ಹೆಸರು?"

ಮಾಯಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ.

ದೊಡ್ಡಮಲ್ಲಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. "ಮದ್ವೆಯಾಗಿ ಐವತ್ತು ವರ್ಸ ಆಯ್ತು, ನಾನೇ ಆ ಯೆಸ್ರ ಬಾಯ್ಬುಟ್ಟು ಯೇಳಿಲ್ಲ. ಈ ಕೂಸು ಎಂಗ ಯೇಳ್ತದಪ್ಪ?"

ದೊಡ್ಡಮಲ್ಲಪ್ಪನವರ ಮುಖ ಅರಳಿತು. "ನೋಡ್ಲಾ ರಾಜ, ದೊಡ್ಡೋರ ಯೆಸ್ರ ಎತ್ತಬಾರ್ದು ಅಂತ ಯಾರೂ ಯೇಳ್ಕೊಡ್ದೆ ಗೊತ್ತದೆ. ಒಳ್ಳೆ ಮನತನದ್ದು ಕಣ್ಲಾ. ಯೇಳು ಕೂಸು, ನಾನೇ ಯೇಳ್ತಾವ್ನಿ, ತಪ್ಪಿಲ್ಲ. ದೊಡ್ಡಮಲ್ಲಪ್ಪ ಅನ್ನು."

ಮಾಯಾಳ ಕಿವಿಯಲ್ಲಿ ಏದುಸಿರೊಂದು ಕೇಳುತ್ತಿತ್ತು. ಆಗ ಅವಳು ಆರು ವರ್ಷದವಳು, ಮೈ ಸುಡುವ ಜ್ವರ. ಅಪ್ಪ ಅವಳನ್ನು ಹುಲ್ಲಿನ ಬುಟ್ಟಿಯಲ್ಲಿ ಕೂರಿಸಿ ಬೆನ್ನಿಗೆ ಹೊತ್ತು, ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಇಳಿದಿದ್ದ. ಆಸ್ಪತ್ರೆಯವನು ತಲೆ ಎತ್ತದೆ ಮಗುವಿನ ಅಪ್ಪ ಯಾರೆಂದು ಕೇಳಿದ. ಹಣೆಯ ಪಟ್ಟಿಯನ್ನೂ ಬಿಚ್ಚದ ಆ ಹಮಾಲಿ, ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ತನ್ನ ಹೆಸರು ಹೇಳಿದ್ದ. ಕೇಳದಿದ್ದರೂ ಊರಿನ ಹೆಸರನ್ನೂ ಸೇರಿಸಿದ್ದ.

ಅವಳು ದೊಡ್ಡಮಲ್ಲಮ್ಮನ ಕೈಯನ್ನು ತನ್ನ ಮಡಿಲಿನಿಂದ ಮೆಲ್ಲಗೆ ಎತ್ತಿ ಚಾಪೆಯ ಮೇಲಿಟ್ಟು ನೇರವಾಗಿ ಕೂತಳು.

"ನಾಚ್ಕ ಅಲ್ಲ ಯಜಮಾನ್ರೆ," ಎಂದಳು. "ನಮ್ಮಪ್ಪನ ಯೆಸ್ರು ಟೇಕ್ ಬಹದ್ದೂರ್."

ದೊಡ್ಡಮಲ್ಲಪ್ಪನವರ ಮುಖದ ಅರಳು ಎಲ್ಲಿ ಹೋಗುವುದೆಂದು ತಿಳಿಯದೆ ಅಲ್ಲೇ ಉಳಿಯಿತು. ಮುದುಕಿ ಗಂಡನನ್ನೊಮ್ಮೆ, ಮಾಯಾಳನ್ನೊಮ್ಮೆ ನೋಡಿದಳು. ಸುನಿತಾಳನ್ನಾದರೂ ನೆನೆಸಿಕೋ ಎಂದು ಪಿಸುಗುಟ್ಟಿದಳು. ನೆನೆಸಿಕೊಂಡೇ ಹೇಳಿದೆ ಅವ್ವ ಎಂದಳು ಮಾಯಾ.

ರಾಜಶೇಖರ್‌ಗೆ ಹೊತ್ತಾಗುತ್ತಿತ್ತು. ಅವನು ಯಂತ್ರವನ್ನು ಅವಳ ಮೊಣಕಾಲಿನವರೆಗೆ ತಳ್ಳಿದ. ಅದರ ಗಾಜಿನೊಳಗೆ ಕೆಂಪು ಬೆಳಕು ಹೊತ್ತಿಕೊಂಡಿತು.

"ಬಾಯಲ್ಲಿ ಹೇಳದೇ ಬ್ಯಾಡ ಬುಡು ಮಾಯಕ್ಕ. ನಾನು ಟೈಪ್ ಮಾಡ್ಕತೀನಿ. ಬೆರಳು ಒತ್ತು, ಸಾಕು."

"ಒತ್ತಲ್ಲ," ಎಂದಳು ಮಾಯಾ.